ಸ್ನೂಕರ್ ಬಾಲ್: ಹೊಳಪು ಬಿಟ್ಟು ತಕ್ಕಡಿಗೆ ಹಾಕಿ ನೋಡಿದ ನಾಲ್ಕು ಸೆಟ್‌ಗಳ ಹೋಲಿಕೆ

ಡಬ್ಬಿ ಬಿಚ್ಚಿದ ದಿನ ಎಲ್ಲ ಸೆಟ್ಟೂ ಚೆಂದವೇ. ಹದಿನೈದು ಕೆಂಪು, ಆರು ಬಣ್ಣದವು, ಕೋಲಿನಿಂದ ಹೊಡೆಯುವ ವೈಟ್ ಒಂದು, ಒಟ್ಟು 22. ಎಲ್ಲಕ್ಕೂ ಕನ್ನಡಿ ಹೊಳಪು. ನಿಜ ಹೇಳಬೇಕೆಂದರೆ ಅಗ್ಗದ ಸೆಟ್ಟಿನ ವೈಟೇ ಹೆಚ್ಚು ಬೆಳ್ಳಗಿರುತ್ತೆ. ಪಾಲಿಯೆಸ್ಟರ್ ರಾಳದ ವೈಟ್ ಹಾಲಿನ ಹಾಗೆ ಕಂಡರೆ ಫೀನಾಲಿಕ್ ರಾಳದ್ದು ಹೊಸದರಲ್ಲೇ ಕೆನೆಬಣ್ಣಕ್ಕೆ ವಾಲಿರುತ್ತೆ, ದಿನ ಹೋದಂತೆ ಇನ್ನಷ್ಟು ಹಳದಿಯಾಗುತ್ತೆ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಕೊರಿಯರ್‌ನಲ್ಲಿ ತರಿಸುವ ಕಲಬುರಗಿಯ ಸ್ನೂಕರ್ ಹಾಲ್‌ನವರು ಫೋಟೋ ನೋಡಿ ಆರಿಸಿ ಎಡವುವುದು ಇಲ್ಲೇ.

ಒಂದೇ 12 ಅಡಿ ಟೇಬಲ್ ಮೇಲೆ ಆಡಿಸಿ ನೋಡಿದ ಸೆಟ್‌ಗಳು ಇವು: ಅರಾಮಿತ್ ಟೂರ್ನಮೆಂಟ್ ಚಾಂಪಿಯನ್ 1ಜಿ, ಅರಾಮಿತ್ ಪ್ರೀಮಿಯರ್, ಡಬ್ಬಿಯ ಮೇಲೆ ‘ಫೀನಾಲಿಕ್’ ಎಂದು ಬರೆದ, ಅಷ್ಟೇನೂ ಹೆಸರಿಲ್ಲದ ಚೀನಾ ಮಾಲು, ಮತ್ತು ತಯಾರಕರ ಹೆಸರೇ ಇಲ್ಲದ ಪಾಲಿಯೆಸ್ಟರ್ ಸೆಟ್. ಕೊನೆಯ ಎರಡಕ್ಕೆ ಇಲ್ಲಿ ‘ಚೀನಾ ಸೆಟ್’, ‘ಸಾದಾ ಸೆಟ್’ ಅಂತಲೇ ಅನ್ನೋಣ.

ಅರಾಮಿತ್ ಬೆಲ್ಜಿಯಂನ ಸಲೂಕ್ ಕಂಪನಿಯದು. ಅದರ ಎರಡೂ ದರ್ಜೆ ಫೀನಾಲಿಕ್ ರಾಳದವೇ. ಹಳೆ ಸ್ವಿಚ್ ಬೋರ್ಡು, ಕುಕ್ಕರ್ ಹಿಡಿಕೆಗಳ ಬೇಕಲೈಟ್ ಇದೇ ಮನೆತನದ್ದು. 1907ರಲ್ಲಿ ಅದನ್ನು ಕಂಡುಹಿಡಿದ ಲಿಯೋ ಬೇಕಲೆಂಡ್ ಹುಟ್ಟಿದ್ದೂ ಬೆಲ್ಜಿಯಂನಲ್ಲೇ. ಈ ರಾಳ ಒಮ್ಮೆ ಗಟ್ಟಿಯಾದ ಮೇಲೆ ಬಿಸಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಾಲ್‌ಗೆ ಬೇಕಾದ ಮುಖ್ಯ ಗುಣವೇ ಅದು, ಕಾರಣ ಮುಂದೆ ಬರುತ್ತೆ.

ಮೊದಲು ಅಳತೆ

ನಿಯಮ ಚಿಕ್ಕದು. ಸ್ನೂಕರ್ ಬಾಲ್‌ನ ವ್ಯಾಸ 52.5 ಮಿ.ಮೀ., ಆಚೆ ಈಚೆ 0.05 ಮಿ.ಮೀ.ಗಿಂತ ಹೆಚ್ಚು ಸಲ್ಲದು. ಒಂದು ಸೆಟ್ಟಿನಲ್ಲಿ ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ 3 ಗ್ರಾಂ ಮೀರಿದ ಅಂತರ ಇರಬಾರದು. 1ಜಿ ಅನ್ನೋ ಹೆಸರಿನ ಅರ್ಥ, ಆ ಅಂತರ 1 ಗ್ರಾಂ ಒಳಗೆ.

ಇದರಲ್ಲಿ ಒಂದು ಸೂಕ್ಷ್ಮ ಅದ ನೋಡ್ರಿ. ಬಾಲ್ ಸುಮಾರು 140 ಗ್ರಾಂ ತೂಗುತ್ತೆ. ವ್ಯಾಸ 0.1 ಮಿ.ಮೀ. ಕಮ್ಮಿಯಾದರೆ ತೂಕ ಇಳಿಯುವುದು ಹೆಚ್ಚುಕಮ್ಮಿ 0.8 ಗ್ರಾಂ. ಅಂದರೆ 3 ಗ್ರಾಂ ಇಳಿಯಬೇಕಾದರೆ ಬಾಲ್ 0.35 ಮಿ.ಮೀ.ಗೂ ಹೆಚ್ಚು ಸವೆದಿರಬೇಕು. ಅಷ್ಟು ಸವೆದದ್ದು ವ್ಯಾಸದ ನಿಯಮದಲ್ಲಿ ಎಂದೋ ಫೇಲು. ಹೀಗಾಗಿ ‘ತೂಕ 3 ಗ್ರಾಂ ಒಳಗದ’ ಅಂತ ಮಾರುವವರು ಹೇಳಿದರೆ ಅದು ದೊಡ್ಡ ಭರವಸೆಯಲ್ಲ. ವ್ಯಾಸ ಮಿತಿಯೊಳಗಿದ್ದು ರಾಳವೂ ಒಂದೇ ಆಗಿದ್ದರೆ ತೂಕದ ಅಂತರ ತಾನಾಗೇ 1 ಗ್ರಾಂ ಆಸುಪಾಸಿಗೆ ಬರುತ್ತೆ. ಬರಲಿಲ್ಲವೆಂದರೆ ಗಾತ್ರ ಕೆಟ್ಟಿದೆ, ಇಲ್ಲ ಒಳಗಿನ ರಾಳ ಒಂದೇ ಸಮ ಇಲ್ಲ.

ಅಳೆಯೋಕೆ ಅಂಗಡಿಯ ಸಾದಾ ವರ್ನಿಯರ್ ಸಾಲದು. ಅದರ ಕನಿಷ್ಠ ಅಳತೆ 0.02 ಮಿ.ಮೀ., ಕೈ ಒತ್ತಡದಲ್ಲೇ ಅಷ್ಟು ಹೆಚ್ಚುಕಮ್ಮಿ ಆಗುತ್ತೆ. ಲೇಥ್ ವರ್ಕ್‌ಶಾಪ್‌ನಲ್ಲಿ 50–75 ಮಿ.ಮೀ. ಮೈಕ್ರೋಮೀಟರ್ ಸಿಗುತ್ತೆ, ಅದನ್ನೇ ಕೇಳಿ. ತೂಕಕ್ಕೆ ಬಂಗಾರದಂಗಡಿಯ ತಕ್ಕಡಿ ಇದ್ದರೆ ಬೇರೇನೂ ಬೇಡ. ಪ್ರತಿ ಬಾಲನ್ನೂ ತಿರುಗಿಸುತ್ತ ಆರೇಳು ಕಡೆ ಅಳೆಯಬೇಕು. ಒಂದೇ ಕಡೆ ಹಿಡಿದರೆ ಗೋಲ ಮೊಟ್ಟೆಯಾಗಿದ್ದು ಗೊತ್ತೇ ಆಗಲ್ಲ. ಎಲ್ಲ ಸೆಟ್‌ಗಳನ್ನೂ ಹಿಂದಿನ ರಾತ್ರಿಯೇ ಒಂದೇ ಕೋಣೆಯಲ್ಲಿಡಿ. ಮೇ ತಿಂಗಳಲ್ಲಿ ತಗಡಿನ ಚಾವಣಿ ಕೆಳಗಿದ್ದ ಸೆಟ್ಟನ್ನೂ ಏಸಿ ಕೋಣೆಯಲ್ಲಿದ್ದ ಸೆಟ್ಟನ್ನೂ ಅಕ್ಕಪಕ್ಕ ಅಳೆದರೆ ಬಿಸಿಗೆ ಉಬ್ಬಿದ್ದೇ ಲೆಕ್ಕ ಕೆಡಿಸುತ್ತೆ.

ಫಲಿತಾಂಶ: 1ಜಿ ಹೆಸರಿಗೆ ತಕ್ಕಂತೆ. ಪ್ರೀಮಿಯರ್ ತೂಕದಲ್ಲಿ ಅದಕ್ಕಿಂತ ತುಸು ಸಡಿಲ, ಗಾತ್ರದಲ್ಲಿ ತಕರಾರಿಲ್ಲ. ಚೀನಾ ಸೆಟ್‌ನಲ್ಲಿ ಕೆಂಪು ಹದಿನೈದೂ ಒಂದಕ್ಕೊಂದು ಹೊಂದಿದವು, ಬಣ್ಣದವು ಹೊಂದಲಿಲ್ಲ. ಇದು ನಿರೀಕ್ಷಿಸಬೇಕಾದದ್ದೇ. ಬಣ್ಣದ ಪುಡಿ ಬದಲಾದಂತೆ ರಾಳದ ಸಾಂದ್ರತೆ ಬದಲಾಗುತ್ತೆ, ಅದನ್ನು ಸರಿದೂಗಿಸುವುದೇ ತಯಾರಕರ ಕಸುಬು. ಸಾದಾ ಸೆಟ್ ಗಾತ್ರದಲ್ಲೂ ತೂಕದಲ್ಲೂ ಚದುರಿತ್ತು. ಒಂದೆರಡು ಕೆಂಪು ಒಂದೊಂದು ಕಡೆ ಒಂದೊಂದು ವ್ಯಾಸ ತೋರಿಸಿದವು.

ಉರುಳಿಸಿ ನೋಡುವುದು

ತೂಕ ಸರಿಯಿದ್ದೂ ಭಾರ ನಡುಮಧ್ಯದಲ್ಲಿ ಇಲ್ಲದಿರಬಹುದು. ಅಗ್ಗದ ರಾಳ ತಾನಾಗಿ ಹಗುರ, ತೂಕ ಕೂಡಿಸೋಕೆ ಅದರಲ್ಲಿ ಖನಿಜದ ಪುಡಿ ಬೆರೆಸುತ್ತಾರೆ. ಅಚ್ಚಿನಲ್ಲಿ ಗಟ್ಟಿಯಾಗುವಾಗ ಪುಡಿ ತಳಕ್ಕಿಳಿದರೆ ಒಂದು ಮಗ್ಗುಲು ಭಾರ. ಗಾಲ್ಫ್ ಬಾಲ್‌ಗೆ ಮಾಡುವ ಹಾಗೆ ಉಪ್ಪುನೀರಿನಲ್ಲಿ ತೇಲಿಸಿ ನೋಡಿ ಎಂಬ ಸಲಹೆ ಅಲ್ಲಲ್ಲಿ ಓಡಾಡುತ್ತೆ. ಸ್ನೂಕರ್ ಬಾಲ್‌ಗೆ ಅದು ನಡೆಯಲ್ಲ. ಕರಗುವಷ್ಟೂ ಉಪ್ಪು ಹಾಕಿದರೂ ನೀರು ಲೀಟರಿಗೆ 1.2 ಕಿಲೋ ದಾಟುವುದಿಲ್ಲ, ಬಾಲ್ ಅದಕ್ಕಿಂತ ಬಹಳ ಭಾರ. ಕಲ್ಲಿನಂತೆ ಮುಳುಗುತ್ತೆ.

ಉರುಳಿಸುವ ಮುಂಚೆ ಟೇಬಲ್ ಮಟ್ಟ ನೋಡಿ. ನಮ್ಮ ಕಡೆ ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳು. ಕಲಬುರಗಿಯ ಎರೆ ಮಣ್ಣು ಮಳೆಗೆ ಉಬ್ಬಿ ಬ್ಯಾಸಗಿಗೆ ಬಿರಿಯುತ್ತೆ, ಅದರ ಮೇಲಿನ ಶಹಾಬಾದ್ ಕಲ್ಲಿನ ನೆಲವೂ ಜೊತೆಗೇ ಏರಿಳಿಯುತ್ತೆ. ಜೂನ್‌ನಲ್ಲಿ ಮಟ್ಟ ಮಾಡಿದ ಟೇಬಲ್ ಮಾರ್ಚ್‌ಗೆ ಸೊಟ್ಟ. ನೆಲ ಮಹಡಿಯಲ್ಲಿರುವ ಹಾಲ್‌ಗಳಲ್ಲಿ ಇದು ಹೆಚ್ಚು.

ಪಕ್ಕದ ಕುಶನ್‌ನಿಂದ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಒಂದು ಅಂಗೈ ದೂರದಲ್ಲಿ, ಕುಶನ್‌ಗೆ ಸಮಾಂತರವಾಗಿ, ಟೇಬಲ್‌ನ ಆ ತುದಿಯಲ್ಲಿ ನಿಲ್ಲುವಷ್ಟೇ ವೇಗದಲ್ಲಿ ಬಾಲ್ ಬಿಡಿ. ಒಂದು ಇಳಿಜಾರು ಹಲಗೆ ಮಾಡಿಕೊಂಡು ಅದರ ಮೇಲಿಂದ ಬಿಟ್ಟರೆ ವೇಗ ಪ್ರತಿ ಸಲವೂ ಒಂದೇ ಇರುತ್ತೆ. ಕೊನೆಯ ಎರಡು ಅಡಿಯಲ್ಲಿ ಬಾಲ್ ಸಾಯುವಾಗ ಎತ್ತ ವಾಲುತ್ತೆ ಅನ್ನೋದೇ ಪರೀಕ್ಷೆ. ಅದೇ ಬಾಲನ್ನು ಬೇರೆ ಬೇರೆ ಮಗ್ಗುಲಿಗೆ ತಿರುಗಿಸಿಟ್ಟು ಐದಾರು ಸಲ ಬಿಡಿ. ಯಾವಾಗಲೂ ಒಂದೇ ಕಡೆ ವಾಲಿದರೆ ತಪ್ಪು ಟೇಬಲ್‌ದು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋದರೆ ತಪ್ಪು ಬಾಲ್‌ದು. ಅರಾಮಿತ್‌ನ ಎರಡೂ ಸೆಟ್ ನೆಟ್ಟಗೆ ಹೋದವು. ಈ ಪರೀಕ್ಷೆಯಲ್ಲಿ ಇವೆರಡರ ನಡುವೆ ವ್ಯತ್ಯಾಸ ಹೇಳೋಕೆ ಆಗಲಿಲ್ಲ. ಚೀನಾ ಸೆಟ್‌ನಲ್ಲಿ ಬಣ್ಣದ ಒಂದು ಬಾಲ್ ಮಾತ್ರ ಸಂಶಯಕ್ಕೆ ಎಡೆಕೊಟ್ಟಿತು. ಸಾದಾ ಸೆಟ್‌ನ ಕೆಲವು ಕೆಂಪು ನಿಧಾನದ ಶಾಟ್‌ನಲ್ಲಿ ಪಾಕೆಟ್ ಬಾಯಲ್ಲಿ ತಿರುಗಿ ನಿಂತವು. ಜೋರು ಶಾಟ್‌ನಲ್ಲಿ ಇದು ಕಾಣುವುದೇ ಇಲ್ಲ. ಹೊಡೆತದ ಆಟಗಾರರು ‘ಬಾಲ್ ಚಲೋ ಅದ’ ಅನ್ನುವುದು, ಸೇಫ್ಟಿ (ಎದುರಾಳಿಗೆ ಸುಲಭ ಶಾಟ್ ಸಿಗದಂತೆ ಬಾಲ್ ನಿಲ್ಲಿಸುವ ಆಟ) ಆಡುವವರು ಬೈಯುವುದು ಇದಕ್ಕೇ.

ಸಪ್ಪಳದ ಬಗ್ಗೆ ಒಂದು ಮಾತು. ಫೀನಾಲಿಕ್ ‘ಟಕ್’ ಅಂತ ಚೂಪಾಗಿ ಕೇಳುತ್ತೆ, ಸಾದಾ ಸೆಟ್ ತುಸು ಮಂಕು. ಅಕ್ಕಪಕ್ಕ ಇಟ್ಟು ಕೇಳಿದರೆ ಗೊತ್ತಾಗುತ್ತೆ, ಒಂದೇ ಸೆಟ್ ಕೈಯಲ್ಲಿ ಹಿಡಿದು ಹೇಳುವವರ ಮಾತು ನಂಬಬೇಡಿ.

ತಿಂಗಳುಗಳ ಮೇಲೆ

ಬೆಲೆಯ ವ್ಯತ್ಯಾಸ ತೋರುವುದು ಇಲ್ಲೇ. ಬ್ರೇಕ್ (ಆಟದ ಮೊದಲ ಹೊಡೆತ) ಹೊಡೆದಾಗ, ಜೋರಾಗಿ ಸ್ಕ್ರೂ (ತಾಗಿದ ಮೇಲೆ ವೈಟ್ ಹಿಂದಕ್ಕೆ ಬರುವ ಶಾಟ್) ಹಾಕಿದಾಗ ವೈಟ್ ಉರುಳುವ ಮುಂಚೆ ಬಟ್ಟೆಯ ಮೇಲೆ ಜಾರುತ್ತೆ. ಆ ಕ್ಷಣದ ಉಜ್ಜಾಟಕ್ಕೆ ಬಟ್ಟೆಗೂ ಬಾಲ್‌ಗೂ ತಾಗುವ ಬಿಂದುವಿನಲ್ಲಿ 250 ಡಿಗ್ರಿವರೆಗೆ ಬಿಸಿ ಹುಟ್ಟುತ್ತೆ ಎಂದು ಅರಾಮಿತ್ ಹೇಳಿಕೊಳ್ಳುತ್ತೆ. ಹಸಿರು ಬಟ್ಟೆಯ ಮೇಲೆ ಬೀಳುವ ಬಿಳಿ ಚುಕ್ಕೆ ಈ ಬಿಸಿಯ ಗುರುತು. ಪಾಲಿಯೆಸ್ಟರ್ ಇದಕ್ಕೆ ತಾಳುವುದಿಲ್ಲ, ಮೈ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಬೀಳುತ್ತವೆ, ಹೊಳಪು ಹೋಗುತ್ತೆ, ಒರಟು ಮೈ ಬಟ್ಟೆಯನ್ನು ಇನ್ನಷ್ಟು ತಿನ್ನುತ್ತೆ. ತಮ್ಮ ಬಾಲ್ ಐದು ಪಟ್ಟು ಹೆಚ್ಚು ಬಾಳುತ್ತೆ ಎಂಬುದು ಅದೇ ಕಂಪನಿಯ ಮಾತು. ಐದೋ ಮೂರೋ, ಸಾದಾ ಸೆಟ್ ಮೊದಲು ಮಂಕಾಗುವುದಂತೂ ಖರೇ.

ಕಲಬುರಗಿಯಲ್ಲಿ ಧೂಳು ಇದಕ್ಕೆ ತುಪ್ಪ ಸುರಿಯುತ್ತೆ. ತೊಗರಿ ರಾಶಿಯ ದಿನಗಳಲ್ಲಿ ದಾಲ್ ಮಿಲ್‌ಗಳ ಹತ್ತಿರದ ಹಾಲ್‌ಗಳಲ್ಲಿ ಹೊಟ್ಟಿನ ಪುಡಿ, ವಾಡಿ–ಸೇಡಂ ಕಡೆ ಕಲ್ಲಿನ ನುಣ್ಣನೆ ಪುಡಿ. ಅದು ಕೋಲಿನ ತುದಿಗೆ ಹಚ್ಚುವ ಚಾಕ್ ಪುಡಿಯ ಜೊತೆ ಬಾಲ್ ಮೇಲೆ ಕೂರುತ್ತೆ. ಎರಡು ಬಾಲ್ ತಾಗುವ ಜಾಗದಲ್ಲಿ ಪುಡಿ ಸಿಕ್ಕಿದರೆ ‘ಕಿಕ್’: ಬಾಲ್ ತುಸು ಎಗರುತ್ತೆ, ಕಟ್ (ಓರೆ ಪೆಟ್ಟು) ದಪ್ಪವಾಗುತ್ತೆ, ಅಂದರೆ ಬಾಲ್ ಬೇಕಾದಷ್ಟು ಓರೆಗೆ ಹೋಗಲ್ಲ, ವೈಟ್ ಎಲ್ಲೋ ಹೋಗುತ್ತೆ. ಕುಳಿ ಬಿದ್ದ ಮೈಗೆ ಪುಡಿ ಹೆಚ್ಚು ಅಂಟುವುದರಿಂದ ಸಾದಾ ಸೆಟ್‌ನಲ್ಲಿ ಕಿಕ್ ಬಲು ಬೇಗ ಹೆಚ್ಚಾಯಿತು. 1ಜಿ, ಪ್ರೀಮಿಯರ್ ಎರಡರಲ್ಲೂ ಕಿಕ್ ಬಂತು, ಆದರೆ ಒರೆಸಿದ ಕೂಡಲೇ ಹೋಯಿತು.

ತೊಳೆಯುವುದರಲ್ಲಿ ನಾಲ್ಕೂ ಸೆಟ್‌ಗೆ ಒಂದೇ ಕ್ರಮ. ಬಕೆಟ್ ತಳಕ್ಕೆ ದಪ್ಪ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ, ಕೈಯಿಂದ ಉಜ್ಜಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕೊನೆಯ ನೀರು ಬೋರ್‌ವೆಲ್‌ದು ಬೇಡ. ಇಲ್ಲಿನ ಗಡುಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತೆ, ಕಪ್ಪು ಬಾಲ್ ಮೇಲೆ ಎದ್ದು ಕಾಣುತ್ತೆ. ಫಿಲ್ಟರ್ ನೀರಿನಲ್ಲಿ ಅದ್ದಿ ತೆಗೆಯಿರಿ. ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ. ಕಾರ್ ಪಾಲಿಶ್ ಹಚ್ಚಿದರೆ ಮೇಣದ ಪದರ ಉಳಿದು ಬಾಲ್ ಜಾರುತ್ತೆ, ಒಂದೆರಡು ದಿನ ಆಟವೇ ಬೇರೆ ಆಗುತ್ತೆ. ಬಿಸಿಲಿಗಿಟ್ಟು ಒಣಗಿಸುವುದಂತೂ ಬೇಡವೇ ಬೇಡ. ತುಂಬಿ ನಡೆಯುವ ಹಾಲ್‌ನಲ್ಲಿ ವಾರಕ್ಕೊಮ್ಮೆ ಪೂರ್ತಿ ಸೆಟ್, ವೈಟ್ ದಿನಾ.

ವೈಟ್ ಒಂದನ್ನೇ ಬದಲಿಸಿದರೆ

ಹಾಲ್‌ಗಳಲ್ಲಿ ನಡೆಯುವ ದೊಡ್ಡ ತಪ್ಪು ಇದು. ಪ್ರತಿ ಶಾಟ್‌ಗೂ ಪೆಟ್ಟು ತಿನ್ನುವುದು ವೈಟ್, ಹೀಗಾಗಿ ಅದೇ ಮೊದಲು ಸವೆದು ಹಗುರಾಗುತ್ತೆ. ಹಗುರ ವೈಟ್‌ಗೆ ಸ್ಕ್ರೂ ಸಲೀಸು, ಫಾಲೋ (ತಾಗಿದ ಮೇಲೂ ಮುಂದಕ್ಕೆ ಹೋಗುವುದು) ಕಷ್ಟ. ಅದಕ್ಕೇ ಹುಡುಗರಿಗೆ ಹಳೇ ಸೆಟ್ ಇಷ್ಟ, ತಮ್ಮ ಸ್ಕ್ರೂ ಸುಧಾರಿಸಿದೆ ಅಂದುಕೊಳ್ಳುತ್ತಾರೆ. ಆಮೇಲೆ ಮಾಲೀಕರು ಹೊಸ ವೈಟ್ ಒಂದನ್ನೇ ತಂದು ಸವೆದ ಕೆಂಪಿನ ಜೊತೆ ಬಿಡುತ್ತಾರೆ. ಈಗ ವೈಟ್ ಭಾರ, ಸ್ಟನ್ (ನೇರಕ್ಕೆ ತಾಗಿದ ಕಡೆಯೇ ವೈಟ್ ನಿಲ್ಲುವ ಶಾಟ್) ಹೊಡೆದರೂ ನಿಲ್ಲದೆ ಮುಂದೆ ತೆವಳುತ್ತೆ. ಬೇರೆ ಬ್ರಾಂಡ್ ವೈಟ್ ಆದರೆ ಗಾತ್ರವೂ ಬೇರೆ ಇರಬಹುದು. ವೈಟ್ ಚಿಕ್ಕದಿದ್ದರೆ ಅದು ಕೆಂಪನ್ನು ನಡುವಿಗಿಂತ ಕೆಳಗೆ ತಾಗಿ ತುಸು ಮೇಲಕ್ಕೆತ್ತುತ್ತೆ, ಹೆಜ್ಜೆ ಹೆಜ್ಜೆಗೂ ಕಿಕ್ ಆದಂತೆ ಆಡುತ್ತೆ. ಬದಲಿಸಲೇಬೇಕಾದರೆ ಅದೇ ಬ್ರಾಂಡ್, ಅದೇ ದರ್ಜೆ, ತೂಗಿ ನೋಡಿ ಉಳಿದ ಬಾಲ್‌ಗೆ ಹತ್ತಿರದ್ದು.

ಯಾರಿಗೆ ಯಾವುದು

ದಿನವಿಡೀ ನಡೆಯುವ ಹಾಲ್‌ಗೆ ಪ್ರೀಮಿಯರ್. ಇದರಲ್ಲಿ ಅನುಮಾನ ಇಲ್ಲ. ಮಟ್ಟ ತಪ್ಪಿದ ಟೇಬಲ್, ಸವೆದ ಬಟ್ಟೆ, ಸತ್ತ ಕುಶನ್ ಮೇಲೆ 1ಜಿ ಇಟ್ಟರೆ ಹಣ ದಂಡ. ಗ್ರಾಂ ಲೆಕ್ಕದ ಆ ನಯ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಟೂರ್ನಿ ನಡೆಸುವವರು, ಟೇಬಲ್‌ನ ಮಟ್ಟ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ನಂತರ, ಸರಿಮಾಡಿಸುವವರು 1ಜಿ ಕೊಳ್ಳಲಿ. ಚೀನಾ ಸೆಟ್ ಬೆಲೆಗೆ ಮೋಸವಿಲ್ಲ, ಆದರೆ ಒಂದೇ ಡಬ್ಬಿಯ ಹೆಸರಿನಡಿ ಮುಂದಿನ ಸಲ ಅದೇ ಮಾಲು ಬರುತ್ತೆ ಎಂಬ ಖಾತ್ರಿ ಇಲ್ಲ, ಆಗ ಬಿಡಿ ವೈಟ್ ಹೊಂದುವುದೂ ಇಲ್ಲ. ಸಾದಾ ಸೆಟ್ ಮನೆಯ ಮಕ್ಕಳ ಟೇಬಲ್‌ಗೆ ಸಾಕು. ಹಾಲ್‌ಗೆ ಅದನ್ನು ಉಳಿತಾಯ ಅಂತ ತಂದರೆ ಬಟ್ಟೆ ಬದಲಿಸುವ ಖರ್ಚಿನಲ್ಲಿ ಆ ಉಳಿತಾಯ ಕರಗುತ್ತೆ.

ಪೂಲ್ ಟೇಬಲ್‌ನವರಿಗೂ ಲೆಕ್ಕ ಇದೇ, ಅಳತೆ ಮಾತ್ರ ಬೇರೆ: ಅಮೆರಿಕನ್ ಪೂಲ್ ಬಾಲ್ 57.15 ಮಿ.ಮೀ. ಸ್ನೂಕರ್ ವೈಟ್ ಕಳೆದುಹೋಯಿತೆಂದು ಅದನ್ನು ತಂದಿಡುವುದನ್ನು ಬಿಡಿ.

ಪಾರ್ಸೆಲ್ ಬಂದಾಗ ಕೊರಿಯರ್‌ನವರ ಎದುರಲ್ಲೇ ಡಬ್ಬಿ ಬಿಚ್ಚಿ, ವಿಡಿಯೋ ಮಾಡುತ್ತಲೇ 22 ಎಣಿಸಿ. ಅರಾಮಿತ್ ಹೆಸರಿನ ನಕಲಿಗಳೂ ಉಂಟು, ಡಬ್ಬಿಯ ಅಚ್ಚು ನೋಡಿ ಗುರುತು ಹಿಡಿಯೋದು ಕಷ್ಟ. ಅದೇ ದಿನ ತಕ್ಕಡಿಗೆ ಹಾಕಿ, ಒಂದೊಂದರ ತೂಕವನ್ನೂ ಪುಸ್ತಕದಲ್ಲಿ ಬರೆದಿಡಿ. 1ಜಿ ಎಂದು ಬಂದ ಸೆಟ್‌ನಲ್ಲಿ ಎರಡು ಗ್ರಾಂ ಅಂತರ ಕಂಡರೆ ವಾಪಸ್ ಮಾಡೋಕೆ ಅದೇ ಆಧಾರ. ಆರು ತಿಂಗಳಾದ ಮೇಲೆ ಮತ್ತೆ ತೂಗಿದಾಗ ವೈಟ್ ಎಷ್ಟು ಸವೆದಿದೆ ಎಂದು ಹೇಳುವುದೂ ಅದೇ ಪುಟ.