ಆಸ್ಟ್ರೇಲಿಯಾಕ್ಕೆ ಆಯುರ್ವೇದ ಔಷಧಿ: ಎಲ್, ಎಲ್‌ಎ ಅಥವಾ ಆರ್?

ಅಲ್ಲಿನ ಔಷಧ ನಿಯಂತ್ರಕ ಟಿಜಿಎ ಆಯುರ್ವೇದದಂಥ ಪೂರಕ ಔಷಧಿಗಳಿಗೆ ಮೂರು ದಾರಿ ಇಟ್ಟಿದೆ: ಆಸ್ಟ್ ಎಲ್, ಆಸ್ಟ್ ಎಲ್‌ಎ, ಆಸ್ಟ್ ಆರ್. ಯಾವುದನ್ನು ಹಿಡಿಯಬೇಕೆಂಬುದು ಔಷಧಿಯಲ್ಲಿ ಏನಿದೆ, ಲೇಬಲ್ ಮೇಲೆ ಏನು ಬರೆಯುತ್ತೀರಿ ಎಂಬುದರ ಮೇಲೆ ನಿಂತಿದೆ.

ಆಸ್ಟ್ ಎಲ್ ಸುಲಭ, ಅಗ್ಗ. ಅನುಮತಿತ ಪಟ್ಟಿಯ ಘಟಕಗಳು, ಅನುಮತಿತ ಪಟ್ಟಿಯ ಉಪಯೋಗಗಳು, ಅಷ್ಟೇ. ಮಾರಾಟಕ್ಕೆ ಮುಂಚೆ ಪರಿಣಾಮವನ್ನು ಯಾರೂ ಪರೀಕ್ಷಿಸುವುದಿಲ್ಲ. ಪುರಾವೆ ನಿಮ್ಮ ಬಳಿ ಇದೆಯೆಂದು ನೀವೇ ಪ್ರಮಾಣೀಕರಿಸುತ್ತೀರಿ. ಎಡವುವುದು ಇಲ್ಲೇ: ಪುರಾವೆ ಆಮೇಲೆ ಹುಡುಕಿದರಾಯಿತು ಎಂದುಕೊಳ್ಳುತ್ತಾರೆ. ಮಾರಾಟದ ನಂತರದ ತಪಾಸಣೆಯಲ್ಲಿ ಕಡತ ಖಾಲಿಯಿದ್ದರೆ ನೋಂದಣಿ ರದ್ದಾಗಬಹುದು.

2018ರಲ್ಲಿ ಬಂದ ಆಸ್ಟ್ ಎಲ್‌ಎ ನಡುವಿನ ದಾರಿ. ಘಟಕಗಳು ಅದೇ ಪಟ್ಟಿಯವು, ಆದರೆ ಪರಿಣಾಮದ ಪುರಾವೆಯನ್ನು ಟಿಜಿಎ ಮೊದಲೇ ಓದುತ್ತದೆ. ಒಳ್ಳೆಯ ಕ್ಲಿನಿಕಲ್ ಪ್ರಯೋಗ ಕೈಯಲ್ಲಿದ್ದರೆ ಇದೇ ಲಾಭದಾಯಕ. ಆಸ್ಟ್ ಆರ್‌ನಲ್ಲಿ ಗುಣಮಟ್ಟ, ಸುರಕ್ಷತೆ, ಪರಿಣಾಮ ಮೂರೂ ಪೂರ್ಣ ಪರಿಶೀಲನೆಗೆ ಒಳಪಡುತ್ತವೆ. ಸಣ್ಣ ಕಂಪನಿಗೆ ಭಾರವೇ.

ತಜ್ಞರ ಸಲಹಾ ಸಮಿತಿ ಎಸಿಸಿಎಂ ಸಾಮಾನ್ಯ ಎಲ್ ಅರ್ಜಿಯ ಗೊಡವೆಗೆ ಬರುವುದಿಲ್ಲ. ಪಟ್ಟಿಗೆ ಹೊಸ ಘಟಕ ಸೇರಿಸುವಾಗ, ಆರ್ ಅರ್ಜಿಯಲ್ಲಿ ಗೊಂದಲವಿದ್ದಾಗ ಅದರ ಅಭಿಪ್ರಾಯ ಕೇಳಬಹುದು. ಅದು ಸಲಹೆ ಮಾತ್ರ, ತೀರ್ಮಾನ ಟಿಜಿಎಯದು.

ಪಾದರಸ, ಸೀಸದ ಭಸ್ಮಗಳಿಗೆ ಎಲ್ ದಾರಿ ಮುಚ್ಚಿದೆ. ಆಯುಷ್ ಲೈಸೆನ್ಸ್ ಒಂದೇ ಸಾಲದು, ನಿಮ್ಮ ಕಾರ್ಖಾನೆಗೆ ಟಿಜಿಎಯ ಜಿಎಂಪಿ (ಉತ್ತಮ ತಯಾರಿಕಾ ಪದ್ಧತಿ) ಒಪ್ಪಿಗೆಯೂ ಬೇಕು; ಅರ್ಜಿಗಿಂತ ಮೊದಲು ಅದನ್ನು ಮುಗಿಸಿಕೊಳ್ಳಿ.