ಗ್ಲೋವ್‌ಬಾಕ್ಸ್‌ಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್: ಮೂರು ವರ್ಷ ಬಳಸಿದ ಮೇಲೆ

ಗಾಳಿ ತಾಕಿದರೆ ಕೆಡುವ ಪಲ್ಲಾಡಿಯಂ, ರುಥೇನಿಯಂ ಕ್ಯಾಟಲಿಸ್ಟ್‌ಗಳ ಮೇಲೆ ನನ್ನ ಕೆಲಸ. ಗ್ಲೋವ್‌ಬಾಕ್ಸ್‌ನಿಂದ (ಗಾಳಿ ಸೇರದಂತೆ ಕೈಗವಸಿನ ಮೂಲಕ ಕೆಲಸ ಮಾಡುವ ಪೆಟ್ಟಿಗೆ) ನೇರವಾಗಿ ಟ್ಯೂಬ್ ಎಳೆದಿರುವ ಇಎಸ್‌ಐ ಮಾಸ್ ಸ್ಪೆಕ್ಟ್ರೋಮೀಟರನ್ನು (ದ್ರಾವಣ ಸಿಂಪಡಿಸಿ, ಚಾರ್ಜ್ ಇರುವ ಅಣುಗಳನ್ನು ತೂಗುವ ಯಂತ್ರ) ಮೂರು ವರ್ಷದಿಂದ ಬಳಸುತ್ತಿದ್ದೇನೆ. ಈಗ ಅದಿಲ್ಲದೆ ಕೈ ಓಡುವುದಿಲ್ಲ. ಆದರೆ ಮೊದಲ ಆರು ತಿಂಗಳು ತುಂಬಾ ಗೋಳಾಡಿಸಿತು.

ಕಾರಣ 279 ಎಂಬ ತೂಕ. ಯಾವ ಸ್ಯಾಂಪಲ್ ಹಾಕಿದರೂ ಅಲ್ಲೊಂದು ದೊಡ್ಡ ಪೀಕ್. ಕ್ಯಾಟಲಿಸ್ಟ್‌ನ ಲೋಹಕ್ಕೆ ಅಂಟಿರುವ ಟ್ರೈಫಿನೈಲ್‌ಫಾಸ್ಫೀನ್‌ಗೆ ಆಮ್ಲಜನಕ ಸೇರಿದರೆ ಟ್ರೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಆಗುತ್ತದೆ. ಅದು ಒಂದು ಪ್ರೋಟಾನ್ ಹಿಡಿದರೆ 279, ಸೋಡಿಯಂ ಹಿಡಿದರೆ 301. ಕ್ಯಾಟಲಿಸ್ಟೇ ಕೆಟ್ಟಿದೆ ಎಂದು ಎರಡು ಬ್ಯಾಚ್ ಚೆಲ್ಲಿಬಿಟ್ಟೆ. ಉಳಿಸಿಟ್ಟಿದ್ದ ಚೂರಿನ ಫಾಸ್ಫರಸ್ ಎನ್‌ಎಂಆರ್ (ಫಾಸ್ಫರಸ್ ಯಾವ ರೂಪದಲ್ಲಿದೆ ಎಂದು ತೋರಿಸುವ ಇನ್ನೊಂದು ಪರೀಕ್ಷೆ) ತೆಗೆದಾಗ ಆಕ್ಸೈಡ್ ಇರಲೇ ಇಲ್ಲ. ಆ ದಿನದ ಬೇಸರ ಇನ್ನೂ ನೆನಪಿದೆ.

ತೊಂದರೆ ಇದ್ದದ್ದು ಟ್ಯೂಬ್‌ನಲ್ಲಿ. ನಾವು ಹಾಕಿದ್ದು ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಪ್ಲಾಸ್ಟಿಕ್. ಅದರ ಗೋಡೆ ದಾಟಿ ಆಮ್ಲಜನಕ ನಿಧಾನವಾಗಿ ಒಳಗೆ ನುಸುಳುತ್ತದೆ. ಅದರ ಬದಲು ಗಾಜಿನಂಥ ಫ್ಯೂಸ್ಡ್ ಸಿಲಿಕಾ ಹಾಕಿದೆವು. ಪ್ರತಿ ಸಲ ಸ್ಯಾಂಪಲ್‌ಗೆ ಮೊದಲು ಒಣಗಿಸಿದ, ಗಾಳಿ ತೆಗೆದ ಸಾಲ್ವೆಂಟ್ ಅರ್ಧ ಗಂಟೆ ಓಡಿಸುತ್ತೇನೆ. 279 ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೇ ಮುಂದಿನ ಕೆಲಸ. ಪ್ಲಾಸ್ಟಿಕ್‌ನಿಂದ ಬರುವ ಡೈಬ್ಯುಟೈಲ್ ಥ್ಯಾಲೇಟ್ ಕೂಡ 279ರಲ್ಲೇ ಕೂರುತ್ತದೆ, ಹುಷಾರು. ಆಕ್ಸೈಡ್ ಆದರೆ 279.09, ಥ್ಯಾಲೇಟ್ ಆದರೆ 279.16. ದಶಮಾಂಶ ನೋಡದೆ ಸುಮ್ನೆ ತೀರ್ಮಾನ ಮಾಡಬೇಡಿ.

ನನಗೆ ಜಾಸ್ತಿ ಇಷ್ಟವಾದದ್ದು ಐಸೋಟೋಪ್ ಗೊಂಚಲು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಂದ ಒಟ್ಟಿಗೆ ಬರುವ ಪೀಕ್‌ಗಳು. ಪಲ್ಲಾಡಿಯಂಗೆ ಪ್ರಕೃತಿಯಲ್ಲಿ ಆರು ಐಸೋಟೋಪ್, ರುಥೇನಿಯಂಗೆ ಏಳು. ಗೊಂಚಲಿನ ಆಕಾರ ನೋಡಿದರೇ ಯಾವ ಲೋಹ ಎಂದು ತಿಳಿಯುತ್ತದೆ. ಎರಡು ಪಲ್ಲಾಡಿಯಂ ಸೇರಿದ್ದರೆ ಗೊಂಚಲು ಇನ್ನೂ ಅಗಲ. ಎನ್‌ಎಂಆರ್‌ನಲ್ಲಿ ಕಾಣದ ಒಂದು ಡೈಮರ್ ನನಗೆ ಹೀಗೇ ಸಿಕ್ಕಿತು. ಅದಕ್ಕೆ ಒಂದು ಮಿಲಿಗ್ರಾಂ ಕೂಡ ಬೇಕಾಗಲಿಲ್ಲ! ಅಯಾನುಗಳನ್ನು ಯಂತ್ರದೊಳಗೆ ಎಳೆಯುವ ಕೋನ್ ವೋಲ್ಟೇಜ್ ಮಾತ್ರ ಕಡಿಮೆ ಇಡಿ. ಏರಿಸಿದರೆ ಫಾಸ್ಫೀನ್ ಕಳಚಿಕೊಂಡು 262 ಕಡಿಮೆ ತೂಗುತ್ತದೆ.

ದೊಡ್ಡ ಕೊರತೆ ಎಂದರೆ, ಚಾರ್ಜ್ ಇಲ್ಲದ್ದು ಇದಕ್ಕೆ ಕಾಣುವುದಿಲ್ಲ. ಹಳದಿ ಟೆಟ್ರಾಕಿಸ್ ಪಲ್ಲಾಡಿಯಂ (ನಾಲ್ಕು ಟ್ರೈಫಿನೈಲ್‌ಫಾಸ್ಫೀನ್ ಅಂಟಿದ, ಚಾರ್ಜ್ ಇಲ್ಲದ ಕ್ಯಾಟಲಿಸ್ಟ್) ಹಾಕಿದರೆ ಅದರದೇ ಪೀಕ್ ಬರುವುದಿಲ್ಲ, ಅಲ್ವಾ? ಅದಕ್ಕೆ ನೆಗೆಟಿವ್ ಚಾರ್ಜ್‌ನ ಸಲ್ಫೋನೇಟ್ ಗುಂಪಿರುವ ಫಾಸ್ಫೀನ್ ಸ್ವಲ್ಪ ಬೆರೆಸಿ, ನೆಗೆಟಿವ್ ಮೋಡ್‌ನಲ್ಲಿ ನೋಡುತ್ತೇನೆ. ಅಲ್ಲಿ ಕಸದ ಪೀಕ್‌ಗಳೂ ಕಡಿಮೆ. ಹಾಗೆ ಬೆರೆಸಲು ಆಗದ ಕಾಂಪ್ಲೆಕ್ಸ್‌ಗಳಿಗೆ ಎಲ್‌ಐಎಫ್‌ಡಿಐ (ಚಾರ್ಜ್ ಇಲ್ಲದ್ದನ್ನೂ ತೂಗಬಲ್ಲ ಇನ್ನೊಂದು ಮಾಸ್ ಸ್ಪೆಕ್ಟ್ರೋಮೀಟರ್ ವಿಧಾನ) ಇರುವ ಲ್ಯಾಬ್ ಹುಡುಕಿಕೊಳ್ಳಿ. ನಾನೂ ಅಂಥವನ್ನು ಆಂಪ್ಯೂಲ್‌ನಲ್ಲಿ ಸೀಲ್ ಮಾಡಿ ಅಲ್ಲಿಗೇ ಕಳಿಸುತ್ತೇನೆ.