ಕಂಪನಿಯ ಸರ್ವಿಸ್ ಸೆಂಟರಿಗೆ ಹಳೆಯ ವಾಚು ಕೊಡುವವರು ದಯವಿಟ್ಟು ಓದಿ

ನಮ್ಮ ಕಾಸರಗೋಡಿನಲ್ಲಿ ಗಲ್ಫಿನಿಂದ ಬಂದ ಹಳೆಯ ಸ್ವಿಸ್ ವಾಚನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ನಾಚಿಕೆಯನ್ನು ಬದಿಗಿಟ್ಟು ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಂದೆಯವರು 1988ರಲ್ಲಿ ಕುವೈತಿನಿಂದ ತಂದ ಆಟೊಮ್ಯಾಟಿಕ್ ವಾಚು ಕಳೆದ ಮಳೆಗಾಲದಲ್ಲಿ ಕೈತಪ್ಪಿ ಬಿದ್ದು ನಿಂತುಹೋಯಿತು. ಬಸ್ ನಿಲ್ದಾಣದ ಬಳಿ ಬಹುಕಾಲದಿಂದ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿ, "ಮಾಷ್ಟ್ರೇ, ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿದೆ, ಉಳಿದದ್ದೆಲ್ಲ ಸರಿಯಿದೆ. ಆದರೆ ಆ ಸಾಮಾನನ್ನು ಕಂಪನಿ ನಮ್ಮಂಥವರಿಗೆ ಮಾರುವುದಿಲ್ಲ" ಎಂದರು. ಕೈಯಲ್ಲಿ ವಿದ್ಯೆಯಿದ್ದೂ ಅವರು ಸುಮ್ಮನೆ ಕೂರಬೇಕಾಯಿತು. ಯುರೋಪಿನ ಸ್ವತಂತ್ರ ರಿಪೇರಿಯವರ ಒಕ್ಕೂಟ ಇದೇ ವಿಷಯಕ್ಕೆ 2004ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತ್ತು. ಆಯೋಗ ಅದನ್ನು ತಳ್ಳಿಹಾಕಿದ್ದನ್ನು 2017ರಲ್ಲಿ ಅಲ್ಲಿನ ನ್ಯಾಯಾಲಯವೂ ಎತ್ತಿಹಿಡಿಯಿತು.

ಬೇರೆ ದಾರಿಯಿಲ್ಲದೆ ಮಂಗಳೂರಿನ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟೆ. ಮೂರು ವಾರ ಕಳೆದು ಫೋನು ಬಂತು: ಒಂದೇ ಭಾಗ ಹಾಕಿಕೊಡುವ ಕ್ರಮವಿಲ್ಲ, ಪೂರ್ತಿ ಸರ್ವಿಸ್ ಮಾಡಿಸುವುದಾದರೆ 18,600 ರೂಪಾಯಿ, ಇಲ್ಲವಾದರೆ ಹಾಗೆಯೇ ವಾಪಸು. ತಂದೆಯವರ ವಾಚಲ್ಲವೇ ಎಂದು ಒಪ್ಪಿದೆ.

ಡಬ್ಬಿ ತೆರೆದಾಗ ನನಗೆ ಮಾತೇ ಹೊರಡಲಿಲ್ಲ. ತಂದೆಯವರ ವಾಚಿನ ಡಯಲು ಆರರ ಅಂಕಿಯ ಸುತ್ತ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಸಣ್ಣ ಮುಳ್ಳಿನ ತುದಿ ಕಪ್ಪಾಗಿತ್ತು. ಈಗ ಅಲ್ಲಿ ಬೆಳ್ಳಗೆ ಹೊಳೆಯುವ ಹೊಸ ಡಯಲು, ಹೊಸ ಮುಳ್ಳುಗಳು. ಡಯಲು ಬದಲಿಸುತ್ತೇವೆಂದು ಫೋನಿನಲ್ಲಿ ಒಂದು ಮಾತೂ ಹೇಳಿರಲಿಲ್ಲ. ಹಳೆಯದು ಎಲ್ಲಿ ಎಂದು ಕೇಳಿದರೆ, "ಬದಲಾಯಿಸಿದ ಭಾಗ ಕಂಪನಿಗೆ ಸೇರುತ್ತದೆ ಸಾರ್, ಫಾರ್ಮಿನ ಹಿಂಬದಿಯಲ್ಲಿದೆ, ನೀವೇ ಸಹಿ ಹಾಕಿದ್ದೀರಲ್ಲ" ಎಂಬ ಉತ್ತರ. ನಾನು ದುಡ್ಡು ಕೊಟ್ಟಿದ್ದೇನೆ, ವಾಚು ನನ್ನದು ಎಂದೆ. "ನೀವೇ ಸಹಿ ಹಾಕಿದ್ದೀರಿ ಸಾರ್." ಪತ್ರ ಬರೆದೆ, ಹಳೆಯ ಭಾಗಗಳು ಕಂಪನಿಯ ಗುಣಮಟ್ಟಕ್ಕೆ ತಕ್ಕಂತಿರಲಿಲ್ಲ ಎಂದು ಎರಡು ಸಾಲಿನ ಮಾರುತ್ತರ ಬಂತು. ಮಕ್ಕಳಿಗೆ ಓದಿ ಸಹಿ ಹಾಕಿ ಎಂದು ಕಲಿಸಿದ ನಾನು ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದದೆ ಸಹಿ ಹಾಕಿದ್ದೆ, ಅದು ನಿಜ. ಆದರೆ ಡಯಲು ಹೋಗುತ್ತದೆಂದು ಬಾಯಿಬಿಟ್ಟು ಹೇಳದಿರುವುದು ಮೋಸವಲ್ಲವೇ?

2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದೂ ಸೇವಾ ನ್ಯೂನತೆಯೇ. ಅಂಗಡಿ ಮಂಗಳೂರಿನಲ್ಲಿದ್ದರೂ ನಾವು ವಾಸಿಸುವ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸಬಹುದು, ನಾನು ಮಾಡಿದ್ದೇನೆ.

ಕೊಡುವ ಮುನ್ನ ಡಯಲಿನ ಫೋಟೊ ತೆಗೆಯಿರಿ. ಯಾವ ಯಾವ ಭಾಗ ಬದಲಿಸುತ್ತೀರಿ, ಹಳೆಯದನ್ನು ಕೊಡುತ್ತೀರಾ ಎಂದು ಕೇಳಿ ಫಾರ್ಮಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ವಾಚನ್ನು ಕೊಡಲೇಬೇಡಿ. ನನ್ನ ದೂರಿನಲ್ಲಿ ಹಣದ ಮಾತಿಗಿಂತ ಮೊದಲು, ಆ ಬೆಲ್ಲದ ಬಣ್ಣದ ಡಯಲನ್ನು ಹಿಂದಿರುಗಿಸಿ ಎಂದೇ ಬರೆದಿದ್ದೇನೆ.